ಸಂಚಕಾರ ಪಡೆದ ಮೇಲೆ

ಸಂಚಕಾರ ಎಂಬ ಮಾತನ್ನು ಇಂದು ನಾವು ಬಳಸುವುದು ಕುತ್ತು ಎಂಬ ಅರ್ಥದಲ್ಲಿ. ಜೀವಕ್ಕೆ ಸಂಚಕಾರ ಬಂತು, ನೌಕರಿಗೆ ಸಂಚಕಾರ ಬಂತು ಎನ್ನುತ್ತೇವೆ. ಹಳೆಯ ಕಾಗದಪತ್ರಗಳಲ್ಲಿ ಈ ಮಾತಿಗಿದ್ದ ಅರ್ಥ ಬೇರೆ. ಹೊಲವನ್ನೋ ಮನೆಯನ್ನೋ ಕೊಳ್ಳುವವನು, ಮಾತು ಮುಗಿಯಿತು ಎಂಬುದರ ಗುರುತಾಗಿ ಮಾರುವವನ ಕೈಯಲ್ಲಿಡುತ್ತಿದ್ದ ಮುಂಗಡ ಹಣವೇ ಸಂಚಕಾರ. ಉತ್ತರ ಕರ್ನಾಟಕದ ಕಡೆ ಸಂಚಕಾರ ಪತ್ರ ಎಂಬ ಮಾತು ಈಗಲೂ ಕೇಳಿಬರುತ್ತದೆ. ಸಂಸ್ಕೃತದ ‘ಸತ್ಯಂಕಾರ’ವೇ ಕನ್ನಡದ ನಾಲಗೆಯಲ್ಲಿ ಸಂಚಕಾರವಾಯಿತೆಂದು ನಿಘಂಟಿನವರು ಹೇಳುತ್ತಾರೆ. ಸತ್ಯಂಕಾರವೆಂದರೆ ಆಡಿದ ಮಾತನ್ನು ಸತ್ಯ ಮಾಡುವುದು. ಅಷ್ಟು ದೊಡ್ಡ ಅರ್ಥವಿದ್ದ ಪದ ಕುತ್ತಿನ ಹೆಸರಾಗಿ ಇಳಿದುದು ಹೇಗೆಂಬುದನ್ನು ವಿದ್ವಾಂಸರು ತಮ್ಮ ರೀತಿಯಲ್ಲಿ ವಿವರಿಸಿಯಾರು. ಈಚೆಗೆ ನಮ್ಮ ನಗರಗಳಲ್ಲಿ ಮನೆ ಕೊಳ್ಳಲು ಹೊರಟು, ಮುಂಗಡ ಕೊಟ್ಟು, ನೋಂದಣಿಗಾಗಿ ಕಾದು ಕುಳಿತವರನ್ನು ಕೇಳಿದರೆ ವಿವರಣೆ ಇನ್ನೂ ಬೇಗ ದೊರೆಯಬಹುದು.

ನನ್ನ ಪ್ರಶ್ನೆ ಆ ಹಣಕ್ಕೆ ಸಂಬಂಧಿಸಿದ್ದೇ. ಮನೆ ಮಾರುವವರೊಬ್ಬರು ‘ಆಗಲಿ, ಈ ಬೆಲೆಗೆ ನಿಮಗೇ ಕೊಟ್ಟೆ’ ಎಂದು ಒಪ್ಪಿ ಮುಂಗಡವನ್ನು ತೆಗೆದುಕೊಂಡರು ಎನ್ನಿ. ನೋಂದಣಿಯಾಗುವವರೆಗಿನ ಒಂದೆರಡು ತಿಂಗಳು ಅದೇ ಮನೆಯನ್ನು ಇತರರಿಗೂ ತೋರಿಸುತ್ತಿರಬಹುದೆ? ಹೆಚ್ಚು ಕೊಡುವವರು ಬಂದರೆ ಮೊದಲಿನವರ ಹಣವನ್ನು ಪೈಸೆಗೆ ಪೈಸೆ ಹಿಂದಿರುಗಿಸಿ, ಹೊಸಬರಿಗೆ ಮಾರಬಹುದೆ? ಕೂಡದು ಎಂದು ನಮ್ಮಲ್ಲಿ ಹಲವರ ಮನಸ್ಸು ತಟ್ಟನೆ ಹೇಳುತ್ತದೆ. ಆದರೆ ಏಕೆ ಕೂಡದು ಎಂದು ಕೇಳಿದರೆ ಉತ್ತರ ಅಷ್ಟು ತಟ್ಟನೆ ಬರುವುದಿಲ್ಲ. ಹಣ ಹಿಂದಕ್ಕೆ ಬಂತು. ಮನೆ ಮಾರುವವರದೇ ಆಗಿತ್ತು. ಯಾರ ಗಂಟು ಹೋಯಿತು? ಕಳೆದ ವರ್ಷ ಇಂಥದೊಂದು ಪ್ರಸಂಗದಲ್ಲಿ ಎರಡು ಕಡೆಯವರಿಗೂ ಪರಿಚಿತನೆಂಬ ಕಾರಣದಿಂದ ನನ್ನನ್ನು ಮಧ್ಯಸ್ಥಿಕೆಗೆ ಕರೆದಿದ್ದರು. ಅಲ್ಲಿ ಈ ಕೊನೆಯ ಪ್ರಶ್ನೆಯನ್ನು ನನ್ನ ಮುಖಕ್ಕೇ ಎಸೆದವರು ಕೆಟ್ಟ ಮನುಷ್ಯರಲ್ಲ. ಅದಕ್ಕಾಗಿಯೇ ಆ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಪ್ರಸಂಗ ಮೈಸೂರಿನದು. ಕೊಳ್ಳಹೊರಟವರು ಕಾಲೇಜಿನಲ್ಲಿ ಪಾಠ ಹೇಳುವ ಒಬ್ಬ ಅಧ್ಯಾಪಕರು. ಹದಿನೆಂಟು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದವರು. ಮಾರುವವರು ಕೆಲಸದಿಂದ ನಿವೃತ್ತರಾದ ಒಬ್ಬ ಎಂಜಿನಿಯರು. ಮಕ್ಕಳಿಬ್ಬರೂ ದೂರದ ಊರುಗಳಲ್ಲಿದ್ದಾರೆ. ಇಪ್ಪತ್ತು ಮೂವತ್ತರ ನಿವೇಶನದಲ್ಲಿ ನಲವತ್ತು ವರ್ಷ ಹಳೆಯದಾದ ಒಂದು ಮನೆ. ಎಂಬತ್ತೈದು ಲಕ್ಷಕ್ಕೆ ಮಾತಾಯಿತು. ಎರಡು ಲಕ್ಷದ ಚೆಕ್ಕನ್ನು ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ಮನೆಯಾಕೆಯ ಕೈಗೆ ಕೊಟ್ಟರು. ಕಾಫಿಯಾಯಿತು. ಕರಾರು ಪತ್ರವನ್ನು ಮುಂದಿನ ವಾರ ಬರೆಯೋಣ ಎಂದರು ಎಂಜಿನಿಯರು. ಆ ಮುಂದಿನ ವಾರ ಎಂಬುದು ಒಂದಾದ ಮೇಲೊಂದು ವಾರ ಮುಂದಕ್ಕೆ ಹೋಗುತ್ತಲೇ ಇತ್ತು. ಗೇಟಿಗೆ ತಗುಲಿಹಾಕಿದ್ದ ‘ಮನೆ ಮಾರಾಟಕ್ಕಿದೆ’ ಎಂಬ ಹಲಗೆ ಮಾತ್ರ ಒಂದು ದಿನವೂ ಜಾಗ ಬಿಟ್ಟು ಕದಲಲಿಲ್ಲ.

ಅಧ್ಯಾಪಕರು ಹಲಗೆಯನ್ನು ನೋಡಿದ್ದರು. ಮರೆತಿರಬೇಕು, ಹಿರಿಯರು, ಹೇಳಿದರೆ ಸಂಕೋಚಪಟ್ಟಾರು ಎಂದುಕೊಂಡು ಸುಮ್ಮನಿದ್ದರು. ಆ ನಲವತ್ತೆರಡು ದಿನಗಳಲ್ಲಿ ಅವರು ಮಾಡಿದ್ದನ್ನು ನಾನು ಅವರ ಬಾಯಿಂದಲೇ ಕೇಳಿದೆ. ಬ್ಯಾಂಕಿನ ಠೇವಣಿಯನ್ನು ಅವಧಿಗೆ ಮುಂಚೆ ಮುರಿಸಿ ಬಡ್ಡಿ ಕಳೆದುಕೊಂಡರು. ಸಾಲಕ್ಕೆ ಅರ್ಜಿ ಹಾಕಿ, ವಕೀಲರ ಅಭಿಪ್ರಾಯಕ್ಕೂ ಮನೆಯ ಬೆಲೆ ಕಟ್ಟಿಸುವುದಕ್ಕೂ ಶುಲ್ಕ ತೆತ್ತರು. ಋಣಭಾರ ಪತ್ರಕ್ಕೆ ಓಡಾಡಿದರು. ಇದ್ದ ಮನೆಯ ಮಾಲೀಕರಿಗೆ ಇಂಥ ತಿಂಗಳು ಬಿಡುತ್ತೇವೆ ಎಂದು ತಿಳಿಸಿದರು. ಮಗಳನ್ನು ಹೊಸ ಬಡಾವಣೆಯ ಹತ್ತಿರದ ಶಾಲೆಗೆ ಸೇರಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ಅವರು ಅದೇ ಸಮಯದಲ್ಲಿ ನೋಡಿ ಮೆಚ್ಚಿದ್ದ ಮತ್ತೊಂದು ಮನೆಯವರು ಫೋನು ಮಾಡಿದಾಗ, ‘ಕ್ಷಮಿಸಿ, ನಮ್ಮದು ಒಂದು ಕಡೆ ಮುಗಿದಿದೆ’ ಎಂದುಬಿಟ್ಟರು. ಆ ಮನೆ ಹದಿನೈದು ದಿನಗಳಲ್ಲಿ ಬೇರೆಯವರಿಗೆ ಹೋಯಿತು.

ನಲವತ್ತಮೂರನೆಯ ದಿನ ದಲ್ಲಾಳಿಯ ಫೋನು: ಇನ್ನೊಬ್ಬರು ತೊಂಬತ್ತೆರಡಕ್ಕೆ ಕೇಳಿದ್ದಾರೆ, ನೀವೂ ಅಷ್ಟು ಕೊಡುವುದಾದರೆ ನಿಮಗೇ ಆದ್ಯತೆ. ಅಧ್ಯಾಪಕರಿಗೆ ಆ ಏಳು ಲಕ್ಷ ಹುಟ್ಟುವ ಮೂಲವಿರಲಿಲ್ಲ. ಮರುದಿನ ಎಂಜಿನಿಯರು ತಾವೇ ಆಟೋ ಹತ್ತಿ ಬಂದು ಎರಡು ಲಕ್ಷವನ್ನು ಹಿಂದಿರುಗಿಸಿದರು. ಮಕ್ಕಳಿಗೆಂದು ಹಣ್ಣನ್ನೂ ತಂದಿದ್ದರು.

ನಾನು ಹೋದಾಗ ಎಂಜಿನಿಯರು ನನಗೆ ಹೇಳಿದ ಮಾತುಗಳನ್ನು ಅವರಿಗೆ ಅನ್ಯಾಯವಾಗದಂತೆ ಇಲ್ಲಿ ಬರೆಯಬೇಕು. “ನೀವೇ ಹೇಳಿ ಸ್ವಾಮಿ, ನಾನು ಕಳ್ಳತನ ಮಾಡಿದೆನೆ? ಒಂದು ರೂಪಾಯಿ ಹಿಡಿದುಕೊಂಡಿಲ್ಲ. ಅವರಿಗೆ ಸಾಲ ಮಂಜೂರಾಗುತ್ತದೆ ಅಂತ ಏನು ಖಾತರಿಯಿತ್ತು? ಹೋದ ಸಲ ಒಬ್ಬರು ಮುಂಗಡ ಕೊಟ್ಟು ಮೂರು ತಿಂಗಳು ಕಾಯಿಸಿ, ಸಾಲ ಸಿಗಲಿಲ್ಲ ಅಂತ ಕೈಯೆತ್ತಿದರು. ಬಂದವರನ್ನೆಲ್ಲ ಆಗ ವಾಪಸು ಕಳಿಸಿದ್ದೆ. ಮತ್ತೆ ಅದೇ ಆಗಬೇಕಿತ್ತೆ? ನನ್ನ ಮನೆ, ನೋಂದಣಿ ಆಗುವ ತನಕ ನನ್ನದೇ ತಾನೆ? ಏಳು ಲಕ್ಷ ನನಗೆ ಆಟದ ದುಡ್ಡಲ್ಲ. ಮನೆಯವಳಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕು.”

ಈ ಕೊನೆಯ ಮಾತಿಗೆ ಎದುರಾಡುವುದು ಯಾರಿಗೂ ಕಷ್ಟ. ಆದುದರಿಂದ ಅದನ್ನು ಕೊನೆಗೆ ಇಟ್ಟುಕೊಂಡು, ಮನೆ ನನ್ನದೇ ತಾನೆ ಎಂಬ ಮಾತನ್ನು ಮೊದಲು ನೋಡೋಣ.

ಕಾನೂನು ಇಲ್ಲಿ ಎಂಜಿನಿಯರ ಪಕ್ಕದಲ್ಲಿ ಅರ್ಧ ದೂರ ಬಂದು ನಿಲ್ಲುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 54ನೆಯ ಕಲಮಿನ ಪ್ರಕಾರ, ಮಾರುತ್ತೇನೆಂಬ ಕರಾರು ತಾನಾಗಿಯೇ ಆ ಸ್ವತ್ತಿನ ಮೇಲೆ ಕೊಳ್ಳುವವನಿಗೆ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ. ಮನೆ ಅವರದೇ, ನಿಜ. ಆದರೆ ಮಾತು ಯಾರದು? 1963ರ ನಿರ್ದಿಷ್ಟ ಪರಿಹಾರ ಕಾಯಿದೆಯಂತೆ ಕೊಳ್ಳುವವನು ನ್ಯಾಯಾಲಯಕ್ಕೆ ಹೋಗಿ, ಕರಾರಿನಂತೆ ಮನೆಯನ್ನೇ ಕೊಡಿಸಿ ಎಂದು ಕೇಳಬಹುದು. ಹಾಗೆ ಕೊಡಿಸುವುದು ಬಿಡುವುದು ಮೊದಲು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದಾಗಿತ್ತು. 2018ರ ತಿದ್ದುಪಡಿಯ ಮೇಲೆ ಆ ವಿವೇಚನೆಯನ್ನು ಬಹುಮಟ್ಟಿಗೆ ತೆಗೆದುಹಾಕಿ, ಕಾಯಿದೆಯ ಷರತ್ತುಗಳು ತುಂಬಿದ್ದರೆ ಕೊಡಿಸಲೇಬೇಕು ಎಂದು ಮಾಡಿದರು. ಕೊಳ್ಳುವವನು ತಾನು ಸಿದ್ಧನಾಗಿದ್ದೆನೆಂದು ತೋರಿಸಬೇಕು. ನಡುವೆ ಬಂದ ಎರಡನೆಯವನು ಮೊದಲಿನ ಕರಾರನ್ನು ಅರಿಯದೆ ಪ್ರಾಮಾಣಿಕವಾಗಿ ಹಣ ಕೊಟ್ಟಿದ್ದರೆ ಅವನಿಗೆ ರಕ್ಷಣೆಯೂ ಉಂಟು. ಕಾಗದದ ಮೇಲೆ ಎಲ್ಲವೂ ಚೆನ್ನಾಗಿದೆ. ಆದರೆ ಬಾಡಿಗೆ ಮನೆಯಲ್ಲಿರುವ, ಕರಾರು ಪತ್ರವೇ ಕೈಯಲ್ಲಿಲ್ಲದ ಅಧ್ಯಾಪಕರು ವಕೀಲರನ್ನು ಹಿಡಿದು ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತುವುದೆಂದರೇನು? ಅವರು ಹತ್ತಲಾರರು ಎಂಬುದು ಎಂಜಿನಿಯರಿಗೆ ಗೊತ್ತಿತ್ತು. ಕರಾರು ಪತ್ರ ಪ್ರತಿ ವಾರ ಮುಂದಿನ ವಾರಕ್ಕೆ ಹೋಗುತ್ತಿದ್ದುದಕ್ಕೆ ಇದಕ್ಕಿಂತ ಬೇರೆ ಕಾರಣ ನನಗೆ ಹೊಳೆಯುವುದಿಲ್ಲ.

ಒಂದು ಪೈಸೆಯನ್ನೂ ಇಟ್ಟುಕೊಳ್ಳಲಿಲ್ಲ ಎಂಬುದು ಅವರ ಎರಡನೆಯ ಮಾತು. ಆದರೆ ಅಧ್ಯಾಪಕರು ಕೊಟ್ಟದ್ದು ಎರಡು ಲಕ್ಷ ಮಾತ್ರವಲ್ಲ. ಅವರು ಹುಡುಕುವುದನ್ನು ನಿಲ್ಲಿಸಿದರು. ಮನೆ ಕೊಳ್ಳುವವನು ಮುಂಗಡದ ಜೊತೆಗೆ ಕೊಡುವ ದೊಡ್ಡ ವಸ್ತು ಇದೇ; ಇದು ರಸೀತಿಯಲ್ಲಿ ಬರುವುದಿಲ್ಲ. ಇನ್ನೊಂದು ಮನೆಯವರಿಗೆ ‘ಮುಗಿದಿದೆ’ ಎಂದು ಹೇಳಿದಾಗ ಅವರು ತಮ್ಮ ಒಂದು ಬಾಗಿಲನ್ನು ತಾವೇ ಮುಚ್ಚಿದರು, ಎಂಜಿನಿಯರ ಮಾತನ್ನು ನಂಬಿ. ಎಂಜಿನಿಯರು ಅವರ ಬಾಗಿಲು ಮುಚ್ಚಿರುವುದರ ಲಾಭವನ್ನು ಪಡೆದರು: ಹೆಚ್ಚು ಕೊಡುವವರು ಬಾರದಿದ್ದರೆ ಎಂಬತ್ತೈದಕ್ಕೆ ಒಬ್ಬರು ಸಿದ್ಧವಾಗಿ ಕಾದಿದ್ದಾರೆ ಎಂಬ ನೆಮ್ಮದಿ ಅವರಿಗಿತ್ತು. ಆದರೆ ತಮ್ಮ ಬಾಗಿಲನ್ನು ಅವರು ಮುಚ್ಚಲಿಲ್ಲ. ಹೀಗೆ ಒಬ್ಬನನ್ನು ನಿಲ್ಲಿಸಿ ತಾನು ನಡೆಯುತ್ತಿರುವುದೇ ಇಲ್ಲಿನ ಅನ್ಯಾಯವೆಂದು ನನಗೆ ತೋರುತ್ತದೆ. ಎರಡು ಲಕ್ಷವನ್ನು ಹಿಂದಿರುಗಿಸಬಹುದು; ನಲವತ್ತೆರಡು ದಿನಗಳನ್ನೂ ಹೋದ ಮನೆಯನ್ನೂ ಹಿಂದಿರುಗಿಸಲು ಬರುವುದಿಲ್ಲ.

ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದ ಒಂದು ಉಪಮಾನವಿದೆ. ನಿಶ್ಚಯ ತಾಂಬೂಲ ಬದಲಿಸಿಕೊಂಡ ಮೇಲೆ, ಲಗ್ನಕ್ಕೆ ಇನ್ನೂ ಎರಡು ತಿಂಗಳಿದೆ ಎಂದು ಯಾರಾದರೂ ಮಗಳ ಜಾತಕವನ್ನು ಬೇರೆ ಕಡೆಗೂ ಕಳುಹಿಸುತ್ತಿರುತ್ತಾರೆಯೆ? ‘ಗಂಡಿಗೆ ಕೆಲಸ ಹೋದರೆ ಎಂಬ ಮುನ್ನೆಚ್ಚರಿಕೆಗಾಗಿ’ ಎಂದರೆ ಒಪ್ಪುತ್ತೇವೆಯೆ? ಮನೆಗೂ ಮಗಳಿಗೂ ಹೋಲಿಕೆಯೇ ಎಂದು ಕೆಲವರು ಮೂಗು ಮುರಿಯಬಹುದು. ಹೋಲಿಸಿದವನು ನಾನೊಬ್ಬನೇ ಅಲ್ಲ. ಇಸ್ಲಾಮಿನ ಹದೀಸಿನಲ್ಲಿ, ತನ್ನ ಸೋದರನ ವ್ಯಾಪಾರದ ಮೇಲೆ ಹೋಗಿ ವ್ಯಾಪಾರ ಮಾಡಬಾರದು ಎಂಬ ವಿಧಿಯೂ, ಸೋದರನು ಕೇಳಿರುವ ಹೆಣ್ಣನ್ನು ತಾನು ಹೋಗಿ ಕೇಳಬಾರದು ಎಂಬ ವಿಧಿಯೂ ಒಂದರ ಪಕ್ಕದಲ್ಲೊಂದು ಬರುತ್ತವೆ.

ಇನ್ನು ಸಂಚಕಾರದ ವಿಷಯಕ್ಕೆ ಬಂದರೆ, ನಮ್ಮ ನಾಡಿನಲ್ಲೇ ಹುಟ್ಟಿದ ಒಂದು ತೀರ್ಮಾನವಿದೆ. ಯಾಜ್ಞವಲ್ಕ್ಯ ಸ್ಮೃತಿ ಸತ್ಯಂಕಾರವಾಗಿ ಪಡೆದ ದ್ರವ್ಯವನ್ನು ಎರಡರಷ್ಟಾಗಿ ಕೊಡಿಸಬೇಕು ಎಂದು ಚುಟುಕಾಗಿ ಹೇಳಿ ಮುಂದೆ ಹೋಗುತ್ತದೆ. ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಕಲ್ಯಾಣದಲ್ಲಿ—ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ—ಕುಳಿತು ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರ ಆ ಚುಟುಕನ್ನು ಬಿಡಿಸುತ್ತಾನೆ. ಕ್ರಯವಿಕ್ರಯದ ಏರ್ಪಾಡು ನೆರವೇರಲೆಂದು ಒಬ್ಬನು ಮತ್ತೊಬ್ಬನ ಕೈಗೆ ಉಂಗುರವನ್ನೋ ಅಂಥ ಇನ್ನೊಂದನ್ನೋ ಕೊಟ್ಟಿದ್ದಾನೆ. ಕೊಟ್ಟವನೇ ಏರ್ಪಾಡನ್ನು ಮುರಿದರೆ ಅವನ ಉಂಗುರ ಹೋಯಿತು. ಪಡೆದವನು ಮುರಿದರೆ ಅದರ ಎರಡರಷ್ಟನ್ನು ಹಿಂದಿರುಗಿಸಬೇಕು. ಈತನಿಗಿಂತ ಐದು ಶತಮಾನಗಳಿಗೂ ಹಿಂದೆ ಜಸ್ಟಿನಿಯನ್ ಚಕ್ರವರ್ತಿಯ ರೋಮನ್ ಶಾಸನ ಹೇಳಿದ್ದೂ ಇದನ್ನೇ. 1804ರ ಫ್ರೆಂಚ್ ನಾಗರಿಕ ಸಂಹಿತೆಯ 1590ನೆಯ ಕಲಮಿನಲ್ಲಿ ಇರುವುದೂ ಇದೇ. ಕಲ್ಯಾಣದ ಪಂಡಿತನು ಕಾನ್‌ಸ್ಟಾಂಟಿನೋಪಲಿನ ಪುಸ್ತಕವನ್ನು ಓದಿರಲಿಲ್ಲ. ಆದರೂ ಎಲ್ಲರೂ ಎರಡರಷ್ಟು ಎಂಬಲ್ಲಿಗೇ ಬಂದು ಮುಟ್ಟಿದ್ದಾರೆ. ಪಡೆದಷ್ಟನ್ನೇ ಹಿಂದಿರುಗಿಸಿದರೆ ಮಾತು ಮುರಿದವನಿಗೆ ಮುರಿದದ್ದರಿಂದ ಏನೂ ನಷ್ಟವಾಗುವುದಿಲ್ಲ, ಕೊಟ್ಟವನಿಗೆ ಮಾತ್ರ ಹೆದರಿಕೆ ಉಳಿಯುತ್ತದೆ ಎಂಬುದು ಅವರಿಗೆಲ್ಲ ಹೊಳೆದಿತ್ತು. ಎಂಜಿನಿಯರು ಹಣ್ಣಿನ ಚೀಲದ ಜೊತೆಗೆ ನಾಲ್ಕು ಲಕ್ಷ ತಂದಿದ್ದರೆ ನನ್ನ ಮಧ್ಯಸ್ಥಿಕೆ ಬೇಕಾಗುತ್ತಿರಲಿಲ್ಲವೇನೋ.

ಯಾಜ್ಞವಲ್ಕ್ಯನಲ್ಲಿ ಮತ್ತೊಂದು ಶ್ಲೋಕವುಂಟು. ಒಬ್ಬನಿಗೆ ಮಾರಿದ್ದನ್ನು ಮತ್ತೊಬ್ಬನ ಕೈಗೆ ಮಾರಿದವನನ್ನೂ, ಕೆಟ್ಟ ಸರಕನ್ನು ಒಳ್ಳೆಯ ಸರಕೆಂದು ಮಾರಿದವನನ್ನೂ ಅದು ಒಟ್ಟಿಗೆ ನಿಲ್ಲಿಸಿ, ಇಬ್ಬರಿಗೂ ಬೆಲೆಯ ಎರಡರಷ್ಟು ದಂಡ ಹಾಕುತ್ತದೆ. ಇವೆರಡನ್ನೂ ಒಂದೇ ಶ್ಲೋಕದಲ್ಲಿ ಕಟ್ಟಿದ್ದೇಕೆ ಎಂದು ನಾನು ಮೊದಲು ಆಶ್ಚರ್ಯಪಟ್ಟಿದ್ದೆ. ಎರಡರಲ್ಲೂ ಇರುವುದು ಮುಚ್ಚಿಡುವಿಕೆ. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸಿರೋ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದ ಮೂರನೆಯ ಭಾಗದಲ್ಲಿ ಮನೆ ಮಾರುವವನ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತಾನೆ. ಮನೆಯ ದೋಷಗಳು ಮಾರುವವನಿಗೆ ಮಾತ್ರ ಗೊತ್ತು. ಅವನು ಹೇಳಬೇಕೆ, ಬೇಡವೆ? ಬೇಡವೆಂದವನು ಬ್ಯಾಬಿಲೋನಿನ ಡಯೋಜಿನಿಸ್. ಬೇಕೆಂದವನು ಅವನ ಶಿಷ್ಯ ಆಂಟಿಪೇಟರ್. ಸಿಸಿರೋ ಶಿಷ್ಯನ ಕಡೆಗೆ. ಸುಮ್ಮನಿರುವುದೆಲ್ಲ ಮುಚ್ಚಿಡುವುದಲ್ಲ, ಆದರೆ ತಿಳಿಯುವುದರಿಂದ ಯಾರಿಗೆ ಪ್ರಯೋಜನವಿದೆಯೋ ಅವರಿಂದ, ನಮ್ಮ ಲಾಭಕ್ಕಾಗಿ ಅದನ್ನು ದೂರವಿಟ್ಟರೆ ಅದು ಮುಚ್ಚಿಡುವುದೇ ಎಂಬುದು ಅವನ ನಿರ್ಣಯ.

ಈ ಕೋಲಿನಿಂದ ಅಳೆದರೆ ಎಂಜಿನಿಯರ ಅತ್ಯಂತ ಬಲವಾದ ವಾದಕ್ಕೂ ಉತ್ತರ ಸಿಗುತ್ತದೆ. ಸಾಲ ಸಿಗದಿದ್ದರೆ? ಹಿಂದೆ ಒಬ್ಬರು ಕೈಕೊಟ್ಟಿದ್ದರು, ನಿಜ. ಅವರ ಭಯ ಸುಳ್ಳಲ್ಲ. ಕೊಳ್ಳುವವರಲ್ಲೂ ಎರಡು ಮನೆಗಳಿಗೆ ಸಣ್ಣ ಸಣ್ಣ ಮುಂಗಡ ಕೊಟ್ಟು ಯಾವುದು ಅಗ್ಗವಾಗುತ್ತದೆಂದು ನೋಡುವ ಜಾಣರಿದ್ದಾರೆ. ಅವರು ಮಾಡುವುದೂ ಇದನ್ನೇ, ಅವರ ಬಗ್ಗೆ ಬೇರೆ ಹೇಳಬೇಕಾದ್ದಿಲ್ಲ. ಭಯವಿದ್ದವರು ಮೊದಲ ದಿನವೇ ಬಾಯಿಬಿಟ್ಟು ಹೇಳಬಹುದಾಗಿತ್ತು: ನಿಮ್ಮ ಸಾಲ ಮಂಜೂರಾಗುವ ತನಕ ಬಂದವರಿಗೆ ಮನೆ ತೋರಿಸುತ್ತಿರುತ್ತೇನೆ, ಅವರ ಹೆಸರು ಬರೆದಿಟ್ಟುಕೊಳ್ಳುತ್ತೇನೆ, ನೀವು ತಪ್ಪಿದರೆ ಅವರಿಗೆ, ನೀವು ತಪ್ಪದಿದ್ದರೆ ಬೆಲೆ ಎಷ್ಟೇ ಬಂದರೂ ನಿಮಗೇ. ಅಮೆರಿಕದಲ್ಲಿ ಒಪ್ಪಂದವಾದ ಮನೆಯನ್ನು ಮಾರಾಟದ ಪಟ್ಟಿಯಲ್ಲಿ ಹಾಗೆಯೇ ಉಳಿಸಿ, ಒಪ್ಪಂದವಾಗಿದೆ, ಮೀಸಲು ಕೇಳಿಕೆಗಳನ್ನು ಮಾತ್ರ ಪಡೆಯುತ್ತೇವೆ ಎಂದು ಬಹಿರಂಗವಾಗಿ ಗುರುತು ಹಾಕುವ ಪದ್ಧತಿಯುಂಟು. ಮೊದಲಿನವನು ಬಿದ್ದರೆ ಎರಡನೆಯವನ ಸರದಿ. ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಹಾಗೆ ಹೇಳಿದ್ದರೆ ಅಧ್ಯಾಪಕರೂ ತಮ್ಮ ಇನ್ನೊಂದು ಮನೆಯವರಿಗೆ ‘ಮುಗಿದಿದೆ’ ಎನ್ನುತ್ತಿರಲಿಲ್ಲ; ‘ಒಂದು ತಿಂಗಳು ತಾಳಿ’ ಎನ್ನುತ್ತಿದ್ದರು. ಹಲಗೆ ಗೇಟಿನ ಮೇಲಿದ್ದುದು ತಪ್ಪಲ್ಲ. ಅದು ಯಾತಕ್ಕೆ ಇದೆಯೆಂದು ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದೆ ಹೋದದ್ದು ತಪ್ಪು.

ಹಾಗಾದರೆ ಒಪ್ಪಿದ ಮೇಲೆ ಮನಸ್ಸು ಬದಲಾಗುವುದೇ ಕೂಡದೆ? ನಾವೆಲ್ಲ ಹರಿಶ್ಚಂದ್ರರಾಗಬೇಕೆ? ಪುಣ್ಯಕೋಟಿಯ ಕಥೆಯನ್ನು ಹೇಳಿ ಮಕ್ಕಳನ್ನು ಬೆಳೆಸಿದ ನಾಡು ನಮ್ಮದು. ಆದರೆ ಹುಲಿಯ ಮುಂದೆ ನಿಲ್ಲುವಷ್ಟು ಸತ್ಯವನ್ನು ಮನೆ ದಲ್ಲಾಳಿಯ ಮುಂದೆ ನಿಂತವರಿಂದ ನಾನು ಕೇಳುವುದಿಲ್ಲ. ನಮ್ಮ ಹಳಬರೂ ಕೇಳಲಿಲ್ಲ. ಕೊಟ್ಟು ಕೊಂಡ ಮೇಲೆ ಹುಟ್ಟುವ ಪಶ್ಚಾತ್ತಾಪಕ್ಕೆ ಅವರು ಅನುಶಯ ಎಂಬ ಹೆಸರಿಟ್ಟು, ವ್ಯವಹಾರದ ಒಂದು ಪ್ರಕರಣವನ್ನೇ ಅದಕ್ಕೆ ಮೀಸಲಿಟ್ಟರು. ಮನುಸ್ಮೃತಿ ಹತ್ತು ದಿನಗಳೊಳಗೆ ಹಿಂದಕ್ಕೆ ಕೊಡಬಹುದು, ಪಡೆಯಬಹುದು ಎನ್ನುತ್ತದೆ. ಕೌಟಿಲ್ಯ ಇನ್ನೂ ಸೂಕ್ಷ್ಮ: ವರ್ತಕರಿಗೆ ಒಂದು ರಾತ್ರಿ, ಬೇಸಾಯಗಾರರಿಗೆ ಮೂರು, ದನ ಕಾಯುವವರಿಗೆ ಐದು, ಜೀವನೋಪಾಯವನ್ನೇ ಮಾರಿದ ಕೆಲವರಿಗೆ ಏಳು. ದಿನವೂ ಕೊಟ್ಟು ಕೊಳ್ಳುವವನಿಗೆ ಯೋಚಿಸಲು ಒಂದು ರಾತ್ರಿ ಸಾಕು. ಬದುಕಿನಲ್ಲಿ ಒಂದೆರಡು ಸಲ ಮಾತ್ರ ಮಾರುವವನಿಗೆ ಹೆಚ್ಚು ಬೇಕು. ಈ ಲೆಕ್ಕದಲ್ಲಿ ಮನೆ ಮಾರುವ ಎಂಜಿನಿಯರಿಗೆ ಏಳಲ್ಲ, ಹತ್ತು ರಾತ್ರಿ ಕೊಟ್ಟರೂ ನನ್ನ ಅಡ್ಡಿಯಿಲ್ಲ. ಮೂರನೆಯ ದಿನ ಅವರು ಬಂದು, ‘ಅಗ್ಗವಾಯಿತೆಂದು ಮನಸ್ಸು ಕೊರೆಯುತ್ತಿದೆ, ಬಿಟ್ಟುಬಿಡಿ’ ಎಂದಿದ್ದರೆ ಅಧ್ಯಾಪಕರು ನೊಂದುಕೊಂಡು ಬಿಡುತ್ತಿದ್ದರು. ಇನ್ನೊಂದು ಮನೆ ಆಗ ಇನ್ನೂ ಇತ್ತು. ಪಶ್ಚಾತ್ತಾಪಕ್ಕೆ ಅವಧಿಯಿದೆ, ಮತ್ತು ಅದು ಬಂದ ಕೂಡಲೇ ಬಾಯಿಬಿಡುತ್ತದೆ. ನಲವತ್ತೆರಡು ದಿನ ಸುಮ್ಮನೆ ಕಾದು, ಏಳು ಲಕ್ಷ ಕಂಡ ಮೇಲೆ ಮಾತಾಡುವುದನ್ನು ಅನುಶಯ ಎನ್ನಲು ಬರುವುದಿಲ್ಲ.

ಅದೇ ಅರ್ಥಶಾಸ್ತ್ರದಲ್ಲಿ—ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ತಾಳೆಗರಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಮಾಡಿಸಿದ ಗ್ರಂಥ ಅದು—ಮನೆ ಮಾರುವ ಕ್ರಮವೂ ಇದೆ. ಜ್ಞಾತಿಗಳು, ನೆರೆಯವರು, ಸಾಲ ಕೊಟ್ಟವರು, ಈ ಕ್ರಮದಲ್ಲಿ ಕೊಳ್ಳುವ ಹಕ್ಕು; ಆಮೇಲೆ ಹೊರಗಿನವರು. ನಲವತ್ತು ನೆರೆಯ ಕುಲಗಳವರ ಎದುರಿನಲ್ಲಿ, ಮನೆಯ ಮುಂದೆಯೇ ಬೆಲೆಯನ್ನು ಸಾರಬೇಕು. ಈ ಬೆಲೆಗೆ ಯಾರು ಕೊಳ್ಳುತ್ತೀರಿ ಎಂದು ಮೂರು ಸಲ ಕೂಗಬೇಕು. ಆಕ್ಷೇಪಣೆಯಿಲ್ಲದಿದ್ದರೆ ಕೊಳ್ಳುವವನು ಕೊಳ್ಳಬಹುದು. ಸ್ಪರ್ಧೆಯಿಂದ ಬೆಲೆ ಏರಿದರೆ ಆ ಏರಿಕೆ ಶುಲ್ಕದ ಸಮೇತ ಅರಸನ ಬೊಕ್ಕಸಕ್ಕೆ ಹೋಗಬೇಕು. ನಾನು ಇದನ್ನು ಒಬ್ಬ ವ್ಯಾಪಾರಿ ಮಿತ್ರರಿಗೆ ಹೇಳಿದಾಗ ಅವರು ಕೌಟಿಲ್ಯನನ್ನು ಸಮಾಜವಾದಿ ಎಂದು ಬೈದರು. ಅರಸನ ಆಸೆಯೂ ಇದರಲ್ಲಿ ಸೇರಿರಬಹುದು, ಇಲ್ಲವೆನ್ನುವುದಿಲ್ಲ. ಆದರೆ ನೆರೆಹೊರೆಯವರ ಮುಂದೆ ಹಗಲಿನಲ್ಲಿ ಕೂಗಿ ಮಾರುವ ಮನೆಯನ್ನು ನಲವತ್ತೆರಡು ದಿನ ಎರಡು ಕೈಗಳಲ್ಲಿ ಹಿಡಿದಿಟ್ಟುಕೊಳ್ಳುವುದು ಸಾಧ್ಯವಿರಲಿಲ್ಲ. ಹೆಚ್ಚಿದ ಬೆಲೆ ತನ್ನ ಕೈಗೆ ಬಾರದೆಂದಾದರೆ ಹಿಡಿದಿಟ್ಟುಕೊಳ್ಳುವ ಆಸೆಯೂ ಹುಟ್ಟುವುದಿಲ್ಲ.

ಇಂಗ್ಲೆಂಡಿನಲ್ಲಿ ಈ ನಡತೆಗೆ ಗಜಂಪಿಂಗ್ ಎಂಬ ವಿಕಾರವಾದ ಹೆಸರೇ ಇದೆ. ಅಲ್ಲಿ ಲಿಖಿತ ಕರಾರು ಆಗುವ ತನಕ ಬೆಲೆ ಒಪ್ಪಿದ್ದು ಯಾರನ್ನೂ ಕಟ್ಟುವುದಿಲ್ಲ. ಒಪ್ಪಿಗೆಗೂ ಕರಾರಿಗೂ ನಡುವೆ ಹೋಗುವ ವಾರಗಳಲ್ಲಿ ಕೊಳ್ಳುವವನು ಸಮೀಕ್ಷೆಗೂ ವಕೀಲರಿಗೂ ಹಣ ಸುರಿದಿರುತ್ತಾನೆ. ಪಕ್ಕದ ಸ್ಕಾಟ್ಲೆಂಡಿನಲ್ಲಿ ವಕೀಲರ ನಡುವಿನ ಪತ್ರಗಳು ಮುಗಿದ ಕೂಡಲೇ ಇಬ್ಬರೂ ಕಟ್ಟುಬೀಳುತ್ತಾರೆ. ಅದಕ್ಕೂ ಮುಂಚೆ, ಒಬ್ಬರಿಗೆ ಒಪ್ಪಿ ಮತ್ತೊಬ್ಬರ ಹೆಚ್ಚಿನ ಬೆಲೆಗೆ ತಿರುಗುವ ಮಾರಾಟಗಾರನ ಕೆಲಸವನ್ನು ಅವನ ವಕೀಲ ಮುಂದುವರಿಸಬಾರದೆಂದು ವೃತ್ತಿಯ ಕಟ್ಟುಪಾಡು ಇದೆ. ನಮ್ಮಲ್ಲಿ ವಕೀಲರ ಜಾಗದಲ್ಲಿ ಸಾಮಾನ್ಯವಾಗಿ ದಲ್ಲಾಳಿ ನಿಂತಿರುತ್ತಾನೆ. ಅವನ ದಸ್ತೂರಿ ಬೆಲೆಯ ಶೇಕಡಾ ಒಂದೋ ಎರಡೋ. ಬೆಲೆ ಏರಿದರೆ ಅವನದೂ ಏರುತ್ತದೆ. ಅವನಿಂದ ಆ ಕಟ್ಟುಪಾಡನ್ನು ನಿರೀಕ್ಷಿಸುವುದು ಬೆಕ್ಕಿಗೆ ಹಾಲಿನ ಕಾವಲು ಒಪ್ಪಿಸಿದ ಹಾಗೆ.

ಇನ್ನು ಎಂಜಿನಿಯರ ಕೊನೆಯ ಮಾತು, ಹೆಂಡತಿಯ ಡಯಾಲಿಸಿಸ್. ಇದನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. ಕಷ್ಟದಲ್ಲಿದ್ದವರ ಏಳು ಲಕ್ಷಕ್ಕೂ ಶ್ರೀಮಂತರ ಏಳು ಲಕ್ಷಕ್ಕೂ ತೂಕ ಬೇರೆ. ಆದರೆ ಆ ದಿನ ಅವರಿಗೆ ನಾನು ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. “ಆ ಏಳು ಲಕ್ಷವನ್ನು ಅಧ್ಯಾಪಕರ ಹತ್ತಿರ ಕೇಳುವ ದಾರಿ ನಿಮಗಿತ್ತು. ನನ್ನ ಸ್ಥಿತಿ ಹೀಗಿದೆ, ತಪ್ಪು ಬೆಲೆಗೆ ಒಪ್ಪಿಬಿಟ್ಟೆ, ಏನಾದರೂ ಸೇರಿಸಲು ಆಗುತ್ತದೆಯೆ ಅಂತ ಎರಡನೆಯ ವಾರದಲ್ಲಿ ಕೇಳಿದ್ದರೆ ಅವರು ಎರಡು ಲಕ್ಷ ಸೇರಿಸುತ್ತಿದ್ದರೋ ಏನೋ, ಅಥವಾ ಬಿಟ್ಟುಕೊಡುತ್ತಿದ್ದರು. ನಿಮ್ಮ ಕಷ್ಟದ ಭಾರವನ್ನು ಅವರಿಗೆ ಹೇಳದೆ ಅವರ ತಲೆಯ ಮೇಲೆ ಇಟ್ಟಿರಿ.” ಎಂಜಿನಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಬೆಲೆ ಬಿದ್ದಿದ್ದರೆ ಅವರು ಎಂಬತ್ತೈದೇ ಕೊಡುತ್ತಿದ್ದರು ಅಂತ ನಿಮಗೆ ಖಾತರಿಯೆ?” ಎಂದು ಕೇಳಿದರು. ಕೊಡುತ್ತಿದ್ದರು ಎಂದೇ ನನ್ನ ನಂಬಿಕೆ. ಕೊಡದಿದ್ದರೆ ಅವರ ಎರಡು ಲಕ್ಷವನ್ನು ಇಟ್ಟುಕೊಳ್ಳುವ ಅಧಿಕಾರ ಎಂಜಿನಿಯರಿಗಿತ್ತು. ವಿಜ್ಞಾನೇಶ್ವರನೂ ಅವರ ಕಡೆಗೇ ನಿಲ್ಲುತ್ತಿದ್ದ. ಈ ಅಧಿಕಾರವನ್ನು ಬಿಟ್ಟುಕೊಡಲು ಅವರು ಎಂದೂ ಸಿದ್ಧರಿರಲಿಲ್ಲ ಎಂಬುದನ್ನು ನೆನಪಿಸಿದೆ. ಮಾತು ಅಲ್ಲಿಗೆ ನಿಂತಿತು. ಅಧ್ಯಾಪಕರು ಬ್ಯಾಂಕಿಗೂ ವಕೀಲರಿಗೂ ತೆತ್ತ ಶುಲ್ಕವನ್ನಾದರೂ ತುಂಬಿಕೊಡಿ ಎಂದು ಕೇಳಿದ್ದಕ್ಕೆ ಒಪ್ಪಿದರು. ಅದನ್ನು ಕೊಟ್ಟರು ಕೂಡ.

ಎರಡನೆಯ ಕೊಳ್ಳುಗನ ಬಗ್ಗೆ ಯಾರೂ ಹೆಚ್ಚು ಯೋಚಿಸುವುದಿಲ್ಲ. ಬಡವನೊಬ್ಬ ಒಂದು ರೊಟ್ಟಿಯನ್ನು ಪಡೆಯಲು ಸುತ್ತ ಸುಳಿಯುತ್ತಿರುವಾಗ ನಡುವೆ ಬಂದು ಅದನ್ನು ಎತ್ತಿಕೊಂಡವನನ್ನು ದುಷ್ಟನೆಂದು ಕರೆಯಬೇಕು ಎನ್ನುತ್ತದೆ ಯೆಹೂದ್ಯರ ತಾಲ್ಮೂದ್. ಆದರೆ ಬಡವ ಅಲ್ಲಿ ಕಾಣುತ್ತಿರಬೇಕಲ್ಲ! ತೊಂಬತ್ತೆರಡಕ್ಕೆ ಕೊಂಡವರು ಬೆಂಗಳೂರಿನಿಂದ ಮೈಸೂರಿಗೆ ಬಂದು ನೆಲೆಸಲಿದ್ದ ದಂಪತಿಗಳು. ಬೇರೆ ಯಾರಾದರೂ ಮುಂಗಡ ಕೊಟ್ಟಿದ್ದಾರೆಯೆ ಎಂದು ಅವರು ಕೇಳಿದ್ದರಂತೆ. ‘ಕಾಗದದಲ್ಲಿ ಏನೂ ಆಗಿಲ್ಲ’ ಎಂದು ದಲ್ಲಾಳಿ ಹೇಳಿದ್ದನಂತೆ. ಅದು ಅಕ್ಷರಶಃ ನಿಜ. ಪೂರ್ತಿ ಸಂಗತಿ ಅವರಿಗೆ ತಿಳಿದದ್ದು ಬೀದಿಯ ಮೂಲೆಯ ಅಂಗಡಿಯಲ್ಲಿ, ತಮ್ಮ ಮುಂಗಡ ಕೊಟ್ಟ ಮರುದಿನ. ಆ ಸಂಜೆಯೇ ಅವರು ಎಂಜಿನಿಯರ ಮನೆಗೆ ಹೋಗಿ ಎರಡು ಮಾತು ಕೇಳಿದರಂತೆ: ಕರಾರು ಪತ್ರವನ್ನು ನಾಳೆಯೇ ಬರೆದುಕೊಡಿ; ಗೇಟಿನ ಹಲಗೆಯನ್ನು ಈಗ, ನಮ್ಮೆದುರಿಗೇ, ತೆಗೆಸಿಬಿಡಿ. ಎಂಜಿನಿಯರು ಎರಡನ್ನೂ ಮಾಡಿದರು. ಆದರೆ ಮಾತು ಕೊಟ್ಟ ಮೇಲೂ ಹೀಗೆ ಅಪನಂಬಿಕೆಯಿಂದ ಕೇಳಿದರಲ್ಲಾ ಎಂದು ಅವರ ಮನಸ್ಸಿಗೆ ಬಹಳ ನೋವಾಯಿತೆಂದು ಆಮೇಲೆ ಅವರೇ ನನಗೆ ಹೇಳಿದರು.